ಪೆಟ್ಟಿಗೆಯಿಂದ ಹೊರಬಂದ ಯಂತ್ರ ಅರ್ಧ ಯಂತ್ರವೇ ಸರಿ

ಸಣ್ಣ ಮಿಲ್ಲಿಂಗ್ ಯಂತ್ರದ ಸ್ಥಾಪನೆ ಮತ್ತು ಹೊಂದಾಣಿಕೆ: ಗಡಿ ತಾಲೂಕುಗಳ ವರ್ಕ್‌ಶಾಪುಗಳಿಗೆ ಒಂದು ಮಾರ್ಗದರ್ಶಿ

ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ಭಾಗದ ಲೇಥ್ ವರ್ಕ್‌ಶಾಪುಗಳಿಗೆ ಬಿಡುವಿರುವುದಿಲ್ಲ. ಟ್ರೇಲರಿನ ಹಬ್, ಗಾಣದ ಶಾಫ್ಟ್, ಪಂಪಿನ ಕಪ್ಲಿಂಗ್, ಮೇವು ಕತ್ತರಿಸುವ ಯಂತ್ರದ ಗಿಯರ್ ಒಂದರ ಹಿಂದೊಂದು ದುರಸ್ತಿಗೆ ಬರುತ್ತವೆ. ದುಂಡಗಿನ ಕೆಲಸವನ್ನು ಲೇಥ್ ಮಾಡಿ ಮುಗಿಸುತ್ತದೆ. ಬಿರುಕನ್ನು ವೆಲ್ಡಿಂಗ್ ಮುಚ್ಚುತ್ತದೆ. ಆದರೆ ಹೊಸ ಶಾಫ್ಟಿಗೆ ಕೀವೇ ಕೊರೆಯಬೇಕಾದಾಗ, ಬೇರಿಂಗ್ ಬ್ಲಾಕಿನ ತಳವನ್ನು ಸಮತಟ್ಟು ಮಾಡಬೇಕಾದಾಗ, ನಾಲ್ಕು ರಂಧ್ರಗಳನ್ನು ನಿಖರ ಅಂತರದಲ್ಲಿ ಹಾಕಬೇಕಾದಾಗ ಮಿಲ್ಲಿಂಗ್ ಯಂತ್ರವೇ ಬೇಕು. ಅದಿಲ್ಲದ ವರ್ಕ್‌ಶಾಪು ಕೆಲಸವನ್ನು ಕೊಲ್ಹಾಪುರಕ್ಕೋ ಮಿರಜ-ಸಾಂಗಲಿಗೋ ಬೆಳಗಾವಿಗೋ ಕಳುಹಿಸುತ್ತದೆ. ಯಂತ್ರದ ಮೇಲೆ ಅರ್ಧ ತಾಸು ಹಿಡಿಯುವ ಕೆಲಸಕ್ಕೆ ಒಂದು ಇಡೀ ದಿನ ವ್ಯರ್ಥವಾಗುತ್ತದೆ. ಅಷ್ಟರಲ್ಲಿ ಗ್ರಾಹಕನೂ ಆ ಊರಿನ ದಾರಿಯನ್ನು ಕಂಡುಕೊಳ್ಳುತ್ತಾನೆ.

ಈ ಕೊರತೆಯನ್ನು ನೀಗುವ ಒಂದು ಮಾರ್ಗವೆಂದರೆ ಮೇಜಿನ ಮೇಲೆ ಕೂರುವ ಸಣ್ಣ ಮಿಲ್ಲಿಂಗ್ ಯಂತ್ರ. ಏಕಫೇಸ್ ವಿದ್ಯುತ್ತಿನಲ್ಲಿ ನಡೆಯುವ, ಇಬ್ಬರು ಎತ್ತಿಡಬಹುದಾದ ಇಂತಹ ಯಂತ್ರಗಳನ್ನು ಮಾರುಕಟ್ಟೆಯಲ್ಲಿ ಹವ್ಯಾಸಿ ಯಂತ್ರಗಳೆಂದು ಕರೆಯುವುದು ರೂಢಿ. ಇವನ್ನು ಕೊಂಡ ಉದ್ದಿಮೆದಾರರಲ್ಲಿ ಕೆಲವರು ಸಂತೋಷಪಟ್ಟರೆ, ಕೆಲವರು "ಕೆಲಸ ನಿಖರವಾಗಿ ಬರುವುದಿಲ್ಲ" ಎಂದು ಮೂಲೆಗೆ ಸರಿಸುವುದುಂಟು. ಒಂದೇ ಮಾದರಿಯ ಎರಡು ಯಂತ್ರಗಳ ನಡುವೆ ಇಷ್ಟು ಅಂತರ ಏಕೆ? ಬಹುಪಾಲು ಉತ್ತರ ಕೊಂಡ ನಂತರದ ಮೊದಲ ಎರಡು-ಮೂರು ದಿನಗಳಲ್ಲಿ ಅಡಗಿದೆ. ಈ ವರ್ಗದ ಯಂತ್ರದ ಬೆಲೆ ಕಡಿಮೆಯಾಗಿರುವುದು ಕೊನೆಯ ಹಂತದ ಹೊಂದಾಣಿಕೆಯನ್ನು ತಯಾರಕನು ಕೊಳ್ಳುವವನಿಗೇ ಬಿಟ್ಟಿರುವುದರಿಂದ. ಆ ಉಳಿದ ಅರ್ಧ ಕೆಲಸವನ್ನು ಪೂರೈಸದೆ ಉತ್ಪಾದನೆಗೆ ಇಳಿದರೆ ಹಾಕಿದ ಬಂಡವಾಳ ಮರಳುವುದು ಕಷ್ಟ.

ಈ ನೆಲಕ್ಕೆ ಯಂತ್ರ ಹೊಸತಲ್ಲ

ಬೆಳಗಾವಿ ಜಿಲ್ಲೆಯ ಯಂತ್ರೋದ್ಯಮಕ್ಕೆ ದೀರ್ಘ ಇತಿಹಾಸವಿದೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದು, ಮುಂದೆ ಮೇವು ಕತ್ತರಿಸುವ ಯಂತ್ರ ಹಾಗೂ ಕಬ್ಬಿಣದ ನೇಗಿಲುಗಳ ತಯಾರಿಕೆಗೆ ಕೈಹಾಕಿದರು. 1910ರಲ್ಲಿ ಕಾರ್ಖಾನೆಯನ್ನು ಇಂದಿನ ಸಾಂಗಲಿ ಜಿಲ್ಲೆಯ ಕಿರ್ಲೋಸ್ಕರವಾಡಿಗೆ ಒಯ್ದರು. ಕೃಷ್ಣಾ ತೀರದ ಉಗಾರ ಖುರ್ದದಲ್ಲಿ 1939ರಲ್ಲಿ ಉಗಾರ ಶುಗರ್ ವರ್ಕ್ಸ್ ಸ್ಥಾಪನೆಯಾಯಿತು. ತರುವಾಯ ಈ ಭಾಗದಲ್ಲಿ ಸಹಕಾರಿ ಹಾಗೂ ಖಾಸಗಿ ಸಕ್ಕರೆ ಕಾರ್ಖಾನೆಗಳು ಬೆಳೆದವು. ಅವುಗಳ ಸುತ್ತ ದುರಸ್ತಿಯ ವರ್ಕ್‌ಶಾಪುಗಳು ಬೆಳೆದವು. ಯಂತ್ರೋಪಕರಣಗಳ ತಯಾರಿಕೆಯಲ್ಲಿಯೂ ಕರ್ನಾಟಕ ಹಿಂದುಳಿದಿರಲಿಲ್ಲ. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಲೇಥುಗಳಿಗೆ ಹೆಸರಾಗಿತ್ತು. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಎಚ್‌ಎಂಟಿಯ ಮಿಲ್ಲಿಂಗ್ ಯಂತ್ರಗಳು ದೇಶದ ಉದ್ದಗಲಕ್ಕೂ ತರಬೇತಿ ಕೇಂದ್ರಗಳಲ್ಲಿ, ಕಾರ್ಖಾನೆಗಳಲ್ಲಿ ದುಡಿದವು.

ಎಚ್‌ಎಂಟಿಯಂತಹ ಹಳೆಯ ದೊಡ್ಡ ಯಂತ್ರವನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಳ್ಳುವುದು ಇಂದಿಗೂ ಉತ್ತಮ ಆಯ್ಕೆಯೇ. ಜಾಗ, ತ್ರಿಫೇಸ್ ಸಂಪರ್ಕ ಮತ್ತು ಕ್ರೇನ್ ಖರ್ಚು ಭರಿಸಬಲ್ಲವರಿಗೆ ಅದನ್ನೇ ಸೂಚಿಸಬೇಕು. ಹತ್ತು-ಹನ್ನೆರಡು ಅಡಿಯ ಅಂಗಡಿಯಲ್ಲಿ ಒಂದೇ ಲೇಥ್ ಇಟ್ಟುಕೊಂಡಿರುವವರಿಗೆ ಮಾತ್ರ ಸಣ್ಣ ಯಂತ್ರದ ವಿಚಾರ ಪ್ರಸ್ತುತವಾಗುತ್ತದೆ.

ಹವ್ಯಾಸಿ ಯಂತ್ರ ಎಂದರೇನು?

ಬ್ರಿಟನ್ನಿನಲ್ಲಿ ಉಗಿಯಂತ್ರದ ಪುಟ್ಟ ಮಾದರಿಗಳನ್ನು ಮನೆಯಲ್ಲಿಯೇ ತಯಾರಿಸುವ ಹವ್ಯಾಸ ಹಳೆಯದು; ಅವರಿಗೆಂದೇ 'ಮಾಡೆಲ್ ಇಂಜಿನಿಯರ್' ಎಂಬ ಪತ್ರಿಕೆ 1898ರಲ್ಲಿ ಹುಟ್ಟಿತು. ಅಮೆರಿಕದ ಬ್ರಿಜ್‌ಪೋರ್ಟ್ ಸಂಸ್ಥೆ 1938ರಲ್ಲಿ ಹೊರತಂದ ಲಂಬ ಮಿಲ್ಲಿಂಗ್ ಯಂತ್ರ ಸಣ್ಣ ವರ್ಕ್‌ಶಾಪುಗಳ ಕೆಲಸದ ರೀತಿಯನ್ನೇ ಬದಲಿಸಿತು. ಇಂದಿನ ಮೇಜಿನ ಯಂತ್ರಗಳು ಈ ಎರಡೂ ಪರಂಪರೆಗಳ ಮರಿಗಳು. ಇವುಗಳಲ್ಲಿ ಬಹುಪಾಲು ಚೀನಾದಲ್ಲಿ ತಯಾರಾಗಿ, ಒಂದೇ ವಿನ್ಯಾಸ ಹಲವು ಬಣ್ಣಗಳಲ್ಲಿ, ಹಲವು ಹೆಸರುಗಳಲ್ಲಿ ಮಾರಾಟವಾಗುತ್ತದೆ.

ಅತಿ ಸಣ್ಣ ವರ್ಗದ ಯಂತ್ರ ಸುಮಾರು 50ರಿಂದ 60 ಕಿಲೋ ತೂಗುತ್ತದೆ. ಅದರ ಟೇಬಲ್ ಸುಮಾರು 400 ಮಿ.ಮೀ. ಉದ್ದ, 90 ಮಿ.ಮೀ. ಅಗಲವಿದ್ದು, ಉದ್ದಕ್ಕೆ 200 ಮಿ.ಮೀ. ಆಸುಪಾಸು, ಅಡ್ಡಕ್ಕೆ 100 ಮಿ.ಮೀ. ಆಸುಪಾಸು ಚಲಿಸುತ್ತದೆ. ಇದಕ್ಕಿಂತ ಮೇಲಿನ ವರ್ಗಗಳು 150 ಕಿಲೋದಿಂದ 300 ಕಿಲೋವರೆಗೂ ಇವೆ. ಮಿಲ್ಲಿಂಗ್ ಯಂತ್ರದಲ್ಲಿ ತೂಕವೇ ಶಕ್ತಿ. ಬೀಡು ಕಬ್ಬಿಣ ಹೆಚ್ಚಿದ್ದಷ್ಟು ಕಂಪನ ಕಡಿಮೆ. ಆದ್ದರಿಂದ ಮಾಡಬೇಕಾದ ಕೆಲಸದ ಅಳತೆಯನ್ನು ಮೊದಲು ಬರೆದುಕೊಂಡು, ಜೇಬು ಮತ್ತು ಜಾಗ ಅನುಮತಿಸುವ ಅತಿ ಭಾರದ ಯಂತ್ರವನ್ನು ಆರಿಸುವುದು ಜಾಣತನ.

ಖರೀದಿಗೆ ಮುನ್ನ ಮಾರಾಟಗಾರನಿಗೆ ಕೇಳಬೇಕಾದ ಪ್ರಶ್ನೆಗಳು ಮೂರು. ಮೊದಲನೆಯದು ಸ್ಪಿಂಡಲಿನ ಟೇಪರ್. ಮೋರ್ಸ್ ಟೇಪರ್ 3 ಇದ್ದರೆ ಉಪಕರಣ ಬಿಡಿಸಲು ಪ್ರತಿ ಸಲ ಡ್ರಾಬಾರಿಗೆ ಪೆಟ್ಟು ಕೊಡಬೇಕಾಗಬಹುದು. ಬ್ರಿಜ್‌ಪೋರ್ಟ್ ಬಳಕೆಗೆ ತಂದ ಆರ್8 ಟೇಪರ್ ಸುಲಭವಾಗಿ ಬಿಡುತ್ತದೆ. ಎರಡನೆಯದು ಚಾಲನೆ. ಹಲವು ಸಣ್ಣ ಯಂತ್ರಗಳ ಹೆಡ್ಡಿನೊಳಗೆ ಪ್ಲಾಸ್ಟಿಕ್ ಗಿಯರುಗಳಿದ್ದು, ಕಟ್ಟರ್ ಸಿಕ್ಕಿಹಾಕಿಕೊಂಡಾಗ ಹಲ್ಲು ಮುರಿಯುತ್ತವೆ. ಅಂತಹ ಯಂತ್ರದೊಂದಿಗೆ ಒಂದು ಜೊತೆ ಬದಲಿ ಗಿಯರುಗಳನ್ನೂ ತರಿಸಿಕೊಳ್ಳಬೇಕು. ಬೆಲ್ಟ್ ಚಾಲನೆಯಿದ್ದರೆ ಇನ್ನೂ ಒಳಿತು. ಮೂರನೆಯದು ಸ್ಕ್ರೂವಿನ ಅಳತೆ. ಮಿ.ಮೀ. ಎಂದು ಡಯಲಿನ ಮೇಲೆ ಬರೆದಿದ್ದರೂ ಒಳಗಿನ ಸ್ಕ್ರೂ ಇಂಚಿನದಾಗಿರುವುದುಂಟು. ಹ್ಯಾಂಡಲನ್ನು ಒಂದೇ ದಿಕ್ಕಿನಲ್ಲಿ 10 ಸುತ್ತು ತಿರುಗಿಸಿ ಟೇಬಲ್ ಸರಿದ ದೂರವನ್ನು ವರ್ನಿಯರಿನಿಂದ ಅಳೆದರೆ ಸತ್ಯ ತಿಳಿಯುತ್ತದೆ. ಪಿಚ್ 2 ಮಿ.ಮೀ. ಇದ್ದಲ್ಲಿ ಟೇಬಲ್ 20 ಮಿ.ಮೀ. ಸರಿಯಬೇಕು.

ಪೀಠ ಮತ್ತು ವಿದ್ಯುತ್ತು

ಪೆಟ್ಟಿಗೆ ತೆರೆಯುವಾಗಲೇ ಛಾಯಾಚಿತ್ರ ತೆಗೆದು, ಬಿಡಿಭಾಗಗಳ ಪಟ್ಟಿಯೊಂದಿಗೆ ತಾಳೆ ನೋಡುವುದು ಸಾಗಣೆಯ ಹಾನಿಯ ಬಗ್ಗೆ ಮುಂದೆ ತಕರಾರು ಬಂದಾಗ ಉಪಯುಕ್ತ. ಯಂತ್ರವನ್ನು ಎತ್ತುವಾಗ ಬೆಲ್ಟನ್ನು ಬುಡ ಅಥವಾ ಕಾಲಂಗೆ ಹಾಕಬೇಕೇ ಹೊರತು ಟೇಬಲಿಗೆ, ಹ್ಯಾಂಡಲಿಗೆ, ಮೋಟಾರಿಗೆ ಹಾಕಬಾರದು.

ಮರದ ಹಳೆಯ ಮೇಜು ಈ ಯಂತ್ರಕ್ಕೆ ಸಲ್ಲದು. ದಪ್ಪ ಆ್ಯಂಗಲ್ ಅಥವಾ ಚೌಕ ಪೈಪಿನ ಪೀಠವನ್ನು ಸ್ಥಳೀಯ ವೆಲ್ಡಿಂಗ್ ಅಂಗಡಿಯಲ್ಲಿಯೇ ಮಾಡಿಸಿ, ಪೈಪಿನೊಳಗೆ ಒಣ ಮರಳು ತುಂಬಿದರೆ ಕಂಪನ ಗಣನೀಯವಾಗಿ ತಗ್ಗುತ್ತದೆ. ಪೀಠದ ಮೇಲೆ ಯಂತ್ರವನ್ನು ಬೋಲ್ಟಿನಿಂದ ಬಿಗಿಯುವಾಗ ಮುಖ್ಯವಾದುದು ಮಟ್ಟಕ್ಕಿಂತಲೂ ತಿರುಚುವಿಕೆ ಇಲ್ಲದಿರುವುದು. ಪೀಠದ ಮೇಲ್ಮೈ ಸಮವಿಲ್ಲದಿದ್ದರೆ ನಾಲ್ಕನೆಯ ಬೋಲ್ಟ್ ಬಿಗಿದಾಗ ಬೀಡಿನ ಬುಡವೇ ಬಾಗುತ್ತದೆ. ಹೆಡ್ಡಿಗೆ ಡಯಲ್ ಗೇಜ್ ಕಟ್ಟಿ, ಅದರ ಮೊನೆಯನ್ನು ಟೇಬಲಿನ ಮೇಲಿಟ್ಟು ಒಂದೊಂದೇ ಬೋಲ್ಟನ್ನು ಬಿಗಿಯಬೇಕು. ಮುಳ್ಳು ಅಲುಗಾಡಿದರೆ ಆ ಮೂಲೆಯ ಕೆಳಗೆ ತೆಳು ತಗಡಿನ ಶಿಮ್ ಕೊಟ್ಟು ಸರಿಪಡಿಸಬೇಕು.

ವಿದ್ಯುತ್ತಿನ ವಿಷಯದಲ್ಲಿ ಈ ಭಾಗದ ಉದ್ದಿಮೆದಾರರಿಗೆ ಹೆಚ್ಚು ಹೇಳಬೇಕಿಲ್ಲ. ಪಂಪ್‌ಸೆಟ್ಟುಗಳು ಚಾಲೂ ಆಗುವ ಹೊತ್ತಿಗೆ ಗ್ರಾಮೀಣ ಮಾರ್ಗಗಳಲ್ಲಿ ವೋಲ್ಟೇಜು ಇಳಿಯುವುದು ಎಲ್ಲರಿಗೂ ಅನುಭವವಿರುವ ಸಂಗತಿ. ಸಣ್ಣ ಯಂತ್ರಗಳ ವೇಗ ನಿಯಂತ್ರಣ ಎಲೆಕ್ಟ್ರಾನಿಕ್ ಬೋರ್ಡಿನಿಂದ ನಡೆಯುವುದರಿಂದ ಏರಿಳಿತವನ್ನು ಅದು ಸಹಿಸದು. ಯಂತ್ರದ ಸಾಮರ್ಥ್ಯಕ್ಕಿಂತ ಹೆಚ್ಚಿನ ಸ್ಟೆಬಿಲೈಸರ್, ಪ್ರತ್ಯೇಕ ಎಂಸಿಬಿ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಮತ್ತು ಯೋಗ್ಯ ಅರ್ಥಿಂಗ್ ಇಲ್ಲದೆ ಸ್ವಿಚ್ಚು ಹಾಕಬಾರದು. ಹೆಸ್ಕಾಂ ಮಂಜೂರು ಮಾಡಿದ ಲೋಡಿನ ಮಿತಿಯನ್ನೂ ನೋಡಿಕೊಳ್ಳಬೇಕು. ಲೋಹದ ಚೂರುಗಳು ನಿಯಂತ್ರಣ ಪೆಟ್ಟಿಗೆಯೊಳಗೆ ಬಿದ್ದರೆ ಬೋರ್ಡ್ ಸುಡುವ ಸಂಭವವಿದೆ. ಪೆಟ್ಟಿಗೆಯ ಸಂದುಗಳನ್ನು ಮೊದಲ ದಿನವೇ ಮುಚ್ಚುವುದು ಲೇಸು.

ಮೊದಲು ತೊಳೆಯಿರಿ, ಆಮೇಲೆ ತಿರುಗಿಸಿರಿ

ಸಮುದ್ರಯಾನದಲ್ಲಿ ತುಕ್ಕು ಹಿಡಿಯದಿರಲೆಂದು ತಯಾರಕರು ಯಂತ್ರಕ್ಕೆ ದಪ್ಪ ಅಂಟು ಗ್ರೀಸ್ ಬಳಿದಿರುತ್ತಾರೆ. ಅದು ಕೀಲೆಣ್ಣೆಯಲ್ಲ. ಕಾರ್ಖಾನೆಯ ಉಳಿದ ಮರಳು, ಲೋಹದ ಪುಡಿ ಅದರಲ್ಲಿ ಸೇರಿಕೊಂಡಿದ್ದು, ಹಾಗೆಯೇ ಟೇಬಲನ್ನು ಸರಿಸಿದರೆ ಸ್ಲೈಡುಗಳು ಉಜ್ಜುಕಾಗದದ ಮೇಲೆ ಓಡಿದಂತಾಗುತ್ತದೆ. ಆದ್ದರಿಂದ ಮೋಟಾರಿಗೆ ವಿದ್ಯುತ್ ಕೊಡುವ ಮುನ್ನವೇ ಟೇಬಲ್, ಸ್ಯಾಡಲ್, ಗಿಬ್ ಪಟ್ಟಿ ಹಾಗೂ ಸ್ಕ್ರೂಗಳನ್ನು ಬಿಚ್ಚಿ, ಸೀಮೆಎಣ್ಣೆ ಅಥವಾ ಟರ್ಪೆಂಟೈನಿನಲ್ಲಿ ತೊಳೆದು ಒರೆಸಬೇಕು. ಬಿಚ್ಚುವ ಪ್ರತಿ ಹಂತದ ಛಾಯಾಚಿತ್ರ ತೆಗೆದಿಟ್ಟರೆ ಮರುಜೋಡಣೆ ಸುಲಭ. ಬೆಂಕಿಯ ಅಪಾಯವಿರುವುದರಿಂದ ವೆಲ್ಡಿಂಗ್ ನಡೆಯುವ ಜಾಗದಿಂದ ಈ ಕೆಲಸವನ್ನು ದೂರವಿಡಬೇಕು.

ತೊಳೆದ ಭಾಗಗಳ ಅಂಚುಗಳ ಮೇಲೆ ಬೆರಳಾಡಿಸಿದರೆ ಚೂಪಾದ ಮುಳ್ಳುಗಳು ತಾಗುತ್ತವೆ. ನಯವಾದ ಸಾಣೆಕಲ್ಲಿನಿಂದ ಅಂಚನ್ನು ಮಾತ್ರ ಸವರಿ ಅವನ್ನು ತೆಗೆಯಬೇಕು. ಸ್ಲೈಡಿನ ಮುಖಕ್ಕೆ ಅರ ಅಥವಾ ಉಜ್ಜುಕಾಗದ ತಾಗಿಸಬಾರದು. ಮರುಜೋಡಿಸುವಾಗ ಸ್ಲೈಡುಗಳಿಗೆ 68ನೇ ಶ್ರೇಣಿಯ ಸ್ಲೈಡ್‌ವೇ ಎಣ್ಣೆ ಹಾಕಬೇಕು. ಟ್ರ್ಯಾಕ್ಟರಿನಿಂದ ತೆಗೆದ ಹಳೆಯ ಇಂಜಿನ್ ಆಯಿಲ್ ಇಲ್ಲಿ ಉಳಿತಾಯವಲ್ಲ. ಅದರಲ್ಲಿರುವ ಮಸಿ ಮತ್ತು ಲೋಹದ ಕಣಗಳು ಸ್ಲೈಡನ್ನು ಸವೆಸುತ್ತವೆ.

ಗಿಬ್ ಪಟ್ಟಿಯ ಹದ

ಟೇಬಲ್ ಚಲಿಸುವ ಡವ್‌ಟೇಲ್ ಸಂದಿನಲ್ಲಿ ಸಡಿಲವನ್ನು ತುಂಬುವ ಪಟ್ಟಿಯೇ ಗಿಬ್. ಅದು ಬಿಗಿಯಾದರೆ ಹ್ಯಾಂಡಲ್ ಎಳೆದಾಡಿ ಸ್ಕ್ರೂ ಸವೆಯುತ್ತದೆ. ಸಡಿಲವಾದರೆ ಕಟ್ಟರಿನ ಒತ್ತಡಕ್ಕೆ ಟೇಬಲ್ ಅಲುಗಿ ಮೇಲ್ಮೈಯಲ್ಲಿ ಅಲೆಗಳು ಮೂಡುತ್ತವೆ. ಹದ ಕಾಣುವ ಕ್ರಮ ಹೀಗಿದೆ: ಡಯಲ್ ಗೇಜನ್ನು ಬುಡಕ್ಕೆ ಕಟ್ಟಿ ಮೊನೆಯನ್ನು ಟೇಬಲಿನ ಪಕ್ಕಕ್ಕೆ ತಾಗಿಸಿ, ಟೇಬಲಿನ ತುದಿಯನ್ನು ಕೈಯಿಂದ ಹಿಂದೆ ಮುಂದೆ ಎಳೆಯಬೇಕು. ಮುಳ್ಳು 0.02 ಮಿ.ಮೀ.ಗಿಂತ ಹೆಚ್ಚು ಅಲುಗಬಾರದು. ಸ್ಕ್ರೂಗಳನ್ನು ಮಧ್ಯದಿಂದ ಎರಡೂ ತುದಿಗಳ ಕಡೆಗೆ ಸ್ವಲ್ಪ ಸ್ವಲ್ಪವಾಗಿ ಬಿಗಿಯುತ್ತ, ಪ್ರತಿ ಸಲವೂ ಲಾಕ್‌ನಟ್ ಬಿಗಿದ ನಂತರವೇ ಪರೀಕ್ಷಿಸಬೇಕು. ಏಕೆಂದರೆ ಲಾಕ್‌ನಟ್ ಬಿಗಿಯುವಾಗ ಸ್ಕ್ರೂ ಸರಿಯುವುದುಂಟು. ಟೇಬಲಿನ ಮಧ್ಯದಲ್ಲಿ ಸರಿಯೆನಿಸಿ ತುದಿಯಲ್ಲಿ ಬಿಗಿಯಾದರೆ ಪಟ್ಟಿ ಬಾಗಿರಬಹುದು. ನೀಲಿ ಹಚ್ಚಿ ಎಲ್ಲಿ ತಾಗುತ್ತಿದೆಯೆಂದು ನೋಡಿ, ಆ ಪಟ್ಟಿಯನ್ನು ಮಾತ್ರ ಸಮತಟ್ಟಾದ ಮೇಲ್ಮೈಯಲ್ಲಿ ಉಜ್ಜಿ ಸರಿಪಡಿಸಬಹುದು. ಅಡ್ಡ ಚಲನೆಗೂ ಹೆಡ್ಡಿನ ಏರಿಳಿತಕ್ಕೂ ಇದೇ ಕ್ರಮ.

ಲಂಬತೆಯೇ ಯಂತ್ರದ ಜೀವ

ಗಿಬ್ ಸರಿಯಾದ ನಂತರವೇ ಕಾಲಂ ಮತ್ತು ಸ್ಪಿಂಡಲ್ ಟೇಬಲಿಗೆ ಲಂಬವಾಗಿವೆಯೇ ಎಂಬುದನ್ನು ನೋಡಬೇಕು. ಈ ಕ್ರಮ ತಪ್ಪಿದರೆ ಎಲ್ಲ ಅಳತೆಗಳೂ ಸುಳ್ಳಾಗುತ್ತವೆ.

ಮೊದಲು ಕಾಲಂ. ಟೇಬಲಿನ ಮೇಲೆ ನಂಬಿಕೆಯ ಟ್ರೈಸ್ಕ್ವೇರ್ ನಿಲ್ಲಿಸಿ, ಹೆಡ್ಡಿಗೆ ಕಟ್ಟಿದ ಡಯಲಿನ ಮೊನೆಯನ್ನು ಅದರ ನಿಂತ ಅಂಚಿಗೆ ತಾಗಿಸಿ ಹೆಡ್ಡನ್ನು ಮೇಲೆ ಕೆಳಗೆ ಸರಿಸಬೇಕು. ಎಡ-ಬಲ ದಿಕ್ಕಿನಲ್ಲಿ ಒಮ್ಮೆ, ಹಿಂದೆ-ಮುಂದೆ ದಿಕ್ಕಿನಲ್ಲಿ ಒಮ್ಮೆ ಈ ಪರೀಕ್ಷೆ ನಡೆಸಬೇಕು. ನಂತರ ಸ್ಪಿಂಡಲ್. ಸ್ಪಿಂಡಲಿಗೆ ಒಂದು ಅಡ್ಡ ಸರಳನ್ನು ಜೋಡಿಸಿ ಅದರ ತುದಿಗೆ ಡಯಲ್ ಕಟ್ಟಿ, ಕೈಯಿಂದ ಸ್ಪಿಂಡಲನ್ನು ಸುತ್ತಿಸಿ ಟೇಬಲಿನ ನಾಲ್ಕೂ ಕಡೆಯ ಅಂಕಿಗಳನ್ನು ಬರೆದುಕೊಳ್ಳಬೇಕು. ಅಗಲ ಕಡಿಮೆಯಿರುವ ಟೇಬಲಿನಲ್ಲಿ ಮೊನೆ ಹೊರಗೆ ಜಾರುತ್ತದೆ, ಟಿ-ಸ್ಲಾಟಿನಲ್ಲಿ ಬೀಳುತ್ತದೆ. ಇದಕ್ಕೆ ಒಂದು ಸುಲಭ ಉಪಾಯವುಂಟು. ಹೊಸ ದೊಡ್ಡ ಬಾಲ್ ಬೇರಿಂಗಿನ ಹೊರ ಬಳೆಯ ಎರಡೂ ಮುಖಗಳು ಅತ್ಯಂತ ಸಮಾನಾಂತರವಾಗಿರುತ್ತವೆ. ಅದನ್ನು ಟೇಬಲಿನ ಮೇಲಿಟ್ಟು ಬಳೆಯ ಮುಖದ ಮೇಲೆ ಡಯಲ್ ಓಡಿಸಿದರೆ ಅಡೆತಡೆಯಿಲ್ಲದ ಅಂಕಿ ದೊರೆಯುತ್ತದೆ.

ಎಡ-ಬಲದ ವ್ಯತ್ಯಾಸವನ್ನು ಹೆಡ್ ಅಥವಾ ಕಾಲಂ ಓರೆಯಾಗಿಸುವ ನಟ್ ಸಡಿಲಿಸಿ ಮೆತ್ತಗೆ ತಟ್ಟಿ ಸರಿಪಡಿಸಬಹುದು. ಹಿಂದೆ-ಮುಂದಿನ ವ್ಯತ್ಯಾಸಕ್ಕೆ ಅಂತಹ ಏರ್ಪಾಡು ಸಾಮಾನ್ಯವಾಗಿ ಇರುವುದಿಲ್ಲ. ಕಾಲಂ ಬುಡಕ್ಕೆ ಶಿಮ್ ಕೊಡಬೇಕಾಗುತ್ತದೆ. ಅದರ ಲೆಕ್ಕ ಸರಳ ತ್ರೈರಾಶಿ. 200 ಮಿ.ಮೀ. ವೃತ್ತದಲ್ಲಿ ಮುಂಭಾಗದಲ್ಲಿ ಮುಳ್ಳು 0.10 ಮಿ.ಮೀ. ಹೆಚ್ಚು ಒತ್ತಿಕೊಂಡರೆ ಕಾಲಂ ಮುಂದಕ್ಕೆ ಬಾಗಿದೆಯೆಂದು ಅರ್ಥ. ಕಾಲಂ ಬುಡದ ಹಿಂದಿನ ಮತ್ತು ಮುಂದಿನ ಬೋಲ್ಟುಗಳ ಅಂತರ 100 ಮಿ.ಮೀ. ಇದ್ದಲ್ಲಿ ಮುಂದಿನ ಬೋಲ್ಟುಗಳ ಕೆಳಗೆ 0.05 ಮಿ.ಮೀ. ಶಿಮ್ ಬೇಕು. ಫೀಲರ್ ಗೇಜಿನ ಎಲೆಯನ್ನೇ ಕತ್ತರಿಸಿ ಬಳಸಬಹುದು.

ಕಾಲಂ ಲಂಬವಾಗಿದ್ದು ಸ್ಪಿಂಡಲ್ ಮಾತ್ರ ಓರೆಯಿದ್ದರೆ ದೋಷ ಹೆಡ್ಡಿನ ಜೋಡಣೆಯಲ್ಲಿದೆ. ಆಗ ಕಾಲಂ ಬುಡಕ್ಕೆ ಶಿಮ್ ಕೊಟ್ಟರೆ ಒಂದು ತಪ್ಪನ್ನು ಇನ್ನೊಂದರಿಂದ ಮುಚ್ಚಿದಂತಾಗುತ್ತದೆ. ಶಿಮ್ ಹೆಡ್ ಮತ್ತು ಅದರ ಸ್ಲೈಡಿನ ನಡುವೆ ಹೋಗಬೇಕು.

ಇಷ್ಟು ಸೂಕ್ಷ್ಮತೆ ಏಕೆ ಎಂಬ ಪ್ರಶ್ನೆ ಸಹಜ. 200 ಮಿ.ಮೀ.ಗೆ 0.20 ಮಿ.ಮೀ. ಓರೆಯಿರುವ ಯಂತ್ರವನ್ನು ತೆಗೆದುಕೊಳ್ಳೋಣ. ಓರೆ ಟೇಬಲಿನ ಉದ್ದದ ದಿಕ್ಕಿನಲ್ಲಿದ್ದು, ಅದೇ ದಿಕ್ಕಿನಲ್ಲಿ 50 ಮಿ.ಮೀ. ಫೇಸ್ ಕಟ್ಟರ್ ಓಡಿಸಿದರೆ ಮೇಲ್ಮೈ ನಡುವೆ 0.025 ಮಿ.ಮೀ. ತಗ್ಗಾಗಿ ತಟ್ಟೆಯಂತಾಗುತ್ತದೆ. ಓರೆ ಅಡ್ಡ ದಿಕ್ಕಿನಲ್ಲಿದ್ದರೆ ಪಕ್ಕಪಕ್ಕದ ಎರಡು ಓಟಗಳ ನಡುವೆ ಮೆಟ್ಟಿಲು ಮೂಡುತ್ತದೆ, 40 ಮಿ.ಮೀ. ಸರಿಸಿ ಕಡಿದರೆ ಮೆಟ್ಟಿಲು 0.04 ಮಿ.ಮೀ. ಉಗುರಿಗೆ ತಾಗುವ ಈ ಗೆರೆಯನ್ನು ಗ್ರಾಹಕ ನೋಡಿಯೇ ನೋಡುತ್ತಾನೆ.

ಸ್ಪಿಂಡಲಿನ ಓಟ ಮತ್ತು ಸ್ಕ್ರೂವಿನ ಸಡಿಲ

ಸ್ಪಿಂಡಲಿನ ಒಳ ಟೇಪರನ್ನು ಶುಭ್ರಗೊಳಿಸಿ ಡಯಲಿನ ಮೊನೆ ತಾಗಿಸಿ ಸುತ್ತಿಸಿದಾಗ ಮುಳ್ಳಿನ ಒಟ್ಟು ಅಲುಗಾಟ 0.01 ಮಿ.ಮೀ. ಒಳಗಿದ್ದರೆ ಸಂತೃಪ್ತಿಕರ. ಬಳಿಕ ಕಾಲೆಟಿನಲ್ಲಿ ಎಂಡ್‌ಮಿಲ್ಲಿನ ನಯವಾದ ಶ್ಯಾಂಕ್ ಹಿಡಿಸಿ ಮತ್ತೆ ನೋಡಬೇಕು. ಇಲ್ಲಿ ಅಲುಗಾಟ ಹೆಚ್ಚಿದರೆ ದೋಷ ಕಾಲೆಟಿನದು, ಯಂತ್ರದ್ದಲ್ಲ. ಡ್ರಿಲ್ ಚಕ್ಕಿನಲ್ಲಿ ಎಂಡ್‌ಮಿಲ್ ಹಿಡಿಯುವ ಅಭ್ಯಾಸವನ್ನು ಬಿಡಲೇಬೇಕು. ಪಕ್ಕದ ಒತ್ತಡಕ್ಕೆ ಚಕ್ಕು ಸಡಿಲಗೊಂಡು ಕಟ್ಟರ್ ಕೆಳಗೆ ಜಾರುತ್ತದೆ. ಹೊಸ ಸ್ಪಿಂಡಲನ್ನು ಮೊದಲ ದಿನ ಕಡಿಮೆ ವೇಗದಿಂದ ಆರಂಭಿಸಿ, ಹತ್ತು-ಹತ್ತು ನಿಮಿಷಕ್ಕೆ ವೇಗ ಏರಿಸುತ್ತ ಓಡಿಸಬೇಕು. ಬೇರಿಂಗಿನ ಭಾಗ ಕೈಯಿಡುವಷ್ಟು ಬೆಚ್ಚಗಾದರೆ ಸರಿ; ಕೈಯಿಡಲಾಗದಷ್ಟು ಬಿಸಿಯಾದರೆ ನಿಲ್ಲಿಸಿ ಬೇರಿಂಗಿನ ಬಿಗಿತ ಮತ್ತು ಗ್ರೀಸ್ ಪರೀಕ್ಷಿಸಬೇಕು.

ಸ್ಕ್ರೂ ಮತ್ತು ನಟ್‌ಗಳ ನಡುವಿನ ಸಡಿಲ ಪ್ರತಿ ಸಣ್ಣ ಯಂತ್ರದಲ್ಲಿಯೂ ಇರುತ್ತದೆ. ನಟ್ ಹೊಂದಿಸಿ ಅದನ್ನು ತಗ್ಗಿಸಬಹುದಾದರೂ ಪೂರ್ತಿ ನೀಗುವುದಿಲ್ಲ. ಸಡಿಲ 0.15 ಮಿ.ಮೀ. ಎಂದು ಅಳೆದು ಗೊತ್ತಿದ್ದರೆ ತೊಂದರೆಯಿಲ್ಲ; ಗೊತ್ತಿಲ್ಲದಿದ್ದರೆ ಮಾತ್ರ ತೊಂದರೆ. ಅಂಕಿಗೆ ಯಾವಾಗಲೂ ಒಂದೇ ದಿಕ್ಕಿನಿಂದ ಬರಬೇಕು. ದಾಟಿ ಹೋದರೆ ಒಂದು ಸುತ್ತು ಹಿಂದಕ್ಕೆ ಹೋಗಿ ಮತ್ತೆ ಬರಬೇಕು. ಕಟ್ಟರ್ ತಿರುಗುವ ದಿಕ್ಕಿಗೆ ಎದುರಾಗಿ ಕೆಲಸವನ್ನು ನೂಕಬೇಕೇ ಹೊರತು ಅದರ ಜೊತೆಯಲ್ಲಿ ಅಲ್ಲ. ಜೊತೆಯಲ್ಲಿ ನೂಕಿದರೆ ಸಡಿಲವಿರುವಷ್ಟು ದೂರ ಕಟ್ಟರೇ ಟೇಬಲನ್ನು ಸೆಳೆದು ಹಲ್ಲು ಮುರಿದುಕೊಳ್ಳುತ್ತದೆ.

ಮೊದಲ ಕೀವೇ

ವೈಸನ್ನು ಟೇಬಲಿಗೆ ಬಿಗಿದು, ಅದರ ಸ್ಥಿರ ದವಡೆಯ ಉದ್ದಕ್ಕೂ ಡಯಲ್ ಓಡಿಸಿ 0.02 ಮಿ.ಮೀ. ಒಳಗೆ ನೇರ ಮಾಡಿಕೊಂಡ ನಂತರ ಯಂತ್ರ ಕೆಲಸಕ್ಕೆ ಸಿದ್ಧ. ಗ್ರಾಹಕನ ಶಾಫ್ಟನ್ನು ಮುಟ್ಟುವ ಮೊದಲು ಮನೆಯ ಕಬ್ಬಿಣದ ತುಂಡೊಂದರ ಆರು ಮುಖಗಳನ್ನೂ ಕಡಿದು ಚೌಕಾಕಾರ ಹಾಗೂ ಅಳತೆ ನೋಡುವುದು ವಾಡಿಕೆಯಾಗಬೇಕು.

40 ಮಿ.ಮೀ. ಶಾಫ್ಟಿನ ಕೀವೇ ಒಳ್ಳೆಯ ಪರೀಕ್ಷೆ. ಈ ವ್ಯಾಸಕ್ಕೆ ಪ್ರಮಾಣಿತ ಕೀಲಿ 12×8 ಮಿ.ಮೀ.; ಶಾಫ್ಟಿನಲ್ಲಿ ಆಳ 5 ಮಿ.ಮೀ. ಸಾಮಾನ್ಯ ಹೊಂದಿಕೆಗೆ ಕೀವೇಯ ಅಗಲ 11.957ರಿಂದ 12.000 ಮಿ.ಮೀ. ನಡುವೆ ಇರಬೇಕು. 12 ಮಿ.ಮೀ. ಕಟ್ಟರಿನಲ್ಲಿ 0.05 ಮಿ.ಮೀ. ಅಲುಗಾಟವಿದ್ದರೆ ಕೀವೇ 12.05 ಆಗುತ್ತದೆ, ಕೀಲಿ ಸಡಿಲವಾಗಿ ಭಾರ ಬಿದ್ದಾಗಲೆಲ್ಲ ಬಡಿಯುತ್ತ ಹಂಗಾಮಿನ ನಡುವೆಯೇ ಶಾಫ್ಟ್ ಕೆಡುತ್ತದೆ. ಆದುದರಿಂದ ಸಣ್ಣ ಯಂತ್ರದಲ್ಲಿ 10 ಮಿ.ಮೀ. ಕಟ್ಟರಿನಿಂದ ನಡುವನ್ನು ತೆಗೆದು, ಎರಡೂ ಪಕ್ಕಗಳನ್ನು ಕೀಲಿಯನ್ನೇ ಹಾಕಿ ನೋಡುತ್ತ ಅಳತೆಗೆ ತರುವುದು ಸುರಕ್ಷಿತ. ಮೆದು ಉಕ್ಕಿಗೆ ಎಚ್‌ಎಸ್‌ಎಸ್ ಕಟ್ಟರಿನ ಕಡಿತದ ವೇಗ ನಿಮಿಷಕ್ಕೆ 25 ಮೀಟರ್ ಎಂದು ಹಿಡಿದರೆ 10 ಮಿ.ಮೀ. ಕಟ್ಟರಿಗೆ ಸುಮಾರು 800 ಸುತ್ತು ಬರುತ್ತದೆ. ಎರಡು ಹಲ್ಲಿನ ಕಟ್ಟರಿಗೆ ಪ್ರತಿ ಹಲ್ಲಿಗೆ 0.04 ಮಿ.ಮೀ. ಕೊಟ್ಟರೆ ನಿಮಿಷಕ್ಕೆ 64 ಮಿ.ಮೀ., ಅಂದರೆ ಸೆಕೆಂಡಿಗೆ ಒಂದು ಮಿ.ಮೀ.ಗಿಂತ ತುಸು ಹೆಚ್ಚು. 50 ಕಿಲೋ ವರ್ಗದ ಯಂತ್ರದಲ್ಲಿ ಒಂದು ಓಟಕ್ಕೆ ಅರ್ಧ ಮಿ.ಮೀ. ಆಳ ಸಾಕು. ಅವಸರಪಟ್ಟರೆ ಗಿಯರ್ ಹೋಗುತ್ತದೆ.

ಕನ್ನಡಕ ಧರಿಸುವುದು, ಕೈಗವಸು ಹಾಗೂ ಸಡಿಲ ಬಟ್ಟೆ ಧರಿಸದಿರುವುದು, ಚೂರುಗಳನ್ನು ಬ್ರಶ್‌ನಿಂದಲೇ ತೆಗೆಯುವುದು, ಡ್ರಾಬಾರಿನ ಪಾನಾವನ್ನು ಸ್ಪಿಂಡಲಿನ ಮೇಲೆ ಮರೆತು ಬಿಡದಿರುವುದು ಇವು ಯಂತ್ರ ಸಣ್ಣದಾದರೂ ಸಡಿಲಿಸಲಾಗದ ನಿಯಮಗಳು.

ಲಾಭ-ನಷ್ಟದ ಲೆಕ್ಕ

ಈ ಎಲ್ಲ ಹೊಂದಾಣಿಕೆಯನ್ನು ವರ್ತಕರ ಭಾಷೆಯಲ್ಲಿ ಹೇಳುವುದಾದರೆ ಹೀಗೆ. ಉದಾಹರಣೆಗೆ ಯಂತ್ರ, ವೈಸ್, ಕಾಲೆಟ್, ಡಯಲ್ ಗೇಜ್ ಎಲ್ಲ ಸೇರಿ 1,50,000 ರೂ. ಹೂಡಿಕೆ ಎಂದುಕೊಳ್ಳೋಣ. ಖರ್ಚು ಕಳೆದು ಪ್ರತಿ ಕೆಲಸಕ್ಕೆ 200 ರೂ. ಉಳಿದರೆ 750 ಕೆಲಸಗಳಲ್ಲಿ ಬಂಡವಾಳ ಮರಳುತ್ತದೆ. ವಾರಕ್ಕೆ 10 ಕೆಲಸವಾದರೆ 75 ವಾರ, ಸುಮಾರು ಒಂದೂವರೆ ವರ್ಷ. ಇದೇ ಯಂತ್ರದಲ್ಲಿ ಹತ್ತರಲ್ಲಿ ಒಂದು ಕೆಲಸ ಕೆಟ್ಟು, ಶಾಫ್ಟಿನ ಬೆಲೆ ಮತ್ತು ಶ್ರಮ ಸೇರಿ 1,000 ರೂ. ನಷ್ಟವಾದರೆ, ಹತ್ತು ಕೆಲಸಗಳಿಂದ ಉಳಿಯುವುದು 2,000 ಅಲ್ಲ, 800 ರೂ. ಮಾತ್ರ. ಬಂಡವಾಳ ಮರಳಲು 1,875 ಕೆಲಸ, ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಬೇಕು. ಹೊಂದಾಣಿಕೆಗೆ ಮೀಸಲಿಟ್ಟ ಮೂರು ದಿನಗಳ ಬೆಲೆ ಈ ಎರಡು ಅಂಕಿಗಳ ನಡುವಿನ ವ್ಯತ್ಯಾಸದಲ್ಲಿದೆ. ಕೆಟ್ಟ ಕೆಲಸದಿಂದ ಕಳೆದುಹೋಗುವ ಗ್ರಾಹಕನ ವಿಶ್ವಾಸ ಈ ಲೆಕ್ಕದಲ್ಲಿ ಸೇರಿಲ್ಲ.

ಜಿಎಸ್‌ಟಿ ನೋಂದಣಿ ಇರುವ ಘಟಕಗಳು ವ್ಯವಹಾರಕ್ಕಾಗಿ ಕೊಂಡ ಯಂತ್ರದ ಮೇಲೆ ತೆತ್ತ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ಆದರೆ ಆ ತೆರಿಗೆಯ ಮೊತ್ತದ ಮೇಲೆ ಸವಕಳಿಯನ್ನೂ ಕೇಳುವಂತಿಲ್ಲ. ಬಿಲ್ಲು ಘಟಕದ ಹೆಸರಿನಲ್ಲಿ, ಜಿಎಸ್‌ಟಿ ಸಂಖ್ಯೆಯೊಂದಿಗೆ ಇರುವಂತೆ ಖರೀದಿಯ ದಿನವೇ ನೋಡಿಕೊಳ್ಳಬೇಕು.

ಯಂತ್ರ ಕೈಹಿಡಿದರೆ ಕೆಲಸದ ವ್ಯಾಪ್ತಿಯೂ ಹಿಗ್ಗುತ್ತದೆ. 2019ರಲ್ಲಿ ಭೌಗೋಳಿಕ ಸೂಚಿ ದೊರೆತ ಕೊಲ್ಹಾಪುರಿ ಚಪ್ಪಲಿಯ ವ್ಯಾಪ್ತಿಯಲ್ಲಿ ಮಹಾರಾಷ್ಟ್ರದ ಜಿಲ್ಲೆಗಳೊಂದಿಗೆ ಬೆಳಗಾವಿ ಜಿಲ್ಲೆಯೂ ಸೇರಿದ್ದು, ಅಥಣಿ ಅದರ ಹೆಸರುವಾಸಿ ನೆಲೆ. ಚರ್ಮದ ಮೇಲೆ ನಮೂನೆ ಒತ್ತುವ ಹಿತ್ತಾಳೆಯ ಅಚ್ಚುಗಳು ಸಣ್ಣ ಮಿಲ್ಲಿಂಗ್ ಯಂತ್ರಕ್ಕೆ ಹೇಳಿಮಾಡಿಸಿದ ಕೆಲಸ. ಇಚಲಕರಂಜಿಯ ಮಗ್ಗಗಳ ಬಿಡಿಭಾಗಗಳು, ಸಿಂಚನ ಉಪಕರಣಗಳ ಬ್ರಾಕೆಟ್ಟುಗಳು ಕೂಡ ಇದೇ ಅಳತೆಯವು.

ಯಂತ್ರೋಪಕರಣಗಳ ವ್ಯಾಪಾರಿಗಳಿಗೂ ಇಲ್ಲಿ ಒಂದು ಅವಕಾಶವಿದೆ. ಪೆಟ್ಟಿಗೆಯನ್ನು ಮಾತ್ರ ಮಾರುವ ಬದಲು, ತೊಳೆದು ಹೊಂದಿಸಿ, ಗಿಬ್ಬಿನ ಅಲುಗಾಟ, ನಾಲ್ಕು ದಿಕ್ಕಿನ ಲಂಬತೆ, ಸ್ಪಿಂಡಲಿನ ಓಟ ಮತ್ತು ಸ್ಕ್ರೂವಿನ ಸಡಿಲ ಈ ನಾಲ್ಕು ಅಂಕಿಗಳನ್ನು ಬರೆದ ಒಂದು ಹಾಳೆಯೊಂದಿಗೆ ಯಂತ್ರವನ್ನು ಒಪ್ಪಿಸುವ ಸೇವೆಗೆ ಯೋಗ್ಯ ಶುಲ್ಕ ಕೊಡಲು ಗ್ರಾಹಕರು ಹಿಂಜರಿಯಲಾರರು. ಐಟಿಐ ಮುಗಿಸಿದ ಸ್ಥಳೀಯ ಯುವಕರಿಗೆ ಇದು ಉದ್ಯೋಗವೂ ಹೌದು. ಅದೇ ಹಾಳೆಯನ್ನು ವರ್ಕ್‌ಶಾಪಿನ ಗೋಡೆಗೆ ಅಂಟಿಸಿ ಆರು ತಿಂಗಳಿಗೊಮ್ಮೆ, ವಿಶೇಷವಾಗಿ ಹಂಗಾಮು ಆರಂಭವಾಗುವ ಮುನ್ನ, ಮತ್ತೆ ಅಳೆದು ಹೊಸ ಅಂಕಿ ಬರೆಯಬೇಕು. ಸವೆತ ಎಲ್ಲಿ ನಡೆದಿದೆಯೆಂಬುದನ್ನು ಆ ಅಂಕಿಗಳು ಕೆಲಸ ಕೆಡುವ ಮೊದಲೇ ತಿಳಿಸುತ್ತವೆ.